ಕರೀ ನಾನಖಟಾಯಿ

ಮಾಶಾಕನ ಅಬ್ಬಾ,

ನಮ್ಮ ಅಮ್ಮಾಗ ಜ್ವರ ಅಂತ ಖಬರ ಬಂತು, ಕೊರ್ಲಹಳ್ಳಿಗೆ ಹೊಂಟೇನಿ. ಹಬ್ಬದ ನಾನಖಟಾಯಿ ಹಿಟ್ಟು ನಾದಿಟ್ಟೇನಿ, ಬೇಕರಿ ಭಟ್ಟಿಗೆ ನೀವ ಒಯ್ಯಬೇಕು. ಈ ಸಲಾನೂ ಸಕ್ಕರಿ ಇಲ್ಲ, ಕರೀ ಬೆಲ್ಲ ಹಾಕೇನಿ, ಅದೂ ಕಡಿಮಿ.

ಹೋದ ರಂಜಾನದಾಗ ಮಾಡಿದಂಗ, "ಕರೀ ನಾನಖಟಾಯಿ ಕೊಟ್ರ ಮಂದಿ ಏನಂದಾರು" ಅಂತ ಭಟ್ಟಿಯವಗ ಹೇಳಿ ಮ್ಯಾಲ ಸಕ್ಕರಿ ಉದುರಿಸಿಕೊಂಡು ಬಂದೀರಿ, ಜ್ವಾಕಿ! ಮಂದಿ ಒಂದೊಂದು ತಿಂದು ಹೋದ್ರು. ಡಬ್ಬಿ ಖಾಲಿ ಮಾಡಿದವ್ರು ನೀವು.

ಸಕ್ಕರಿ ಬ್ಯಾನಿಗೆ ಬೆಲ್ಲಾನೂ ಔಷಧ ಅಲ್ಲ, ಒಂದ ತಿನ್ರಿ. ನಿಮ್ಮ ಕಾಲಿನ ಗಾಯ ಇನ್ನೂ ಮಾಯ್ದಿಲ್ಲ, ನನಗ ನಿದ್ದಿ ಹತ್ತವಲ್ದು.

ಚಹಾಕ್ಕಂತ ಸಕ್ಕರಿ ಡಬ್ಬಿ ಹುಡುಕಿ ಅಡಗಿಮನಿ ಕೆದರಬ್ಯಾಡ್ರಿ. ಅದೂ ನನ್ನ ಜೋಡಿ ಕೊರ್ಲಹಳ್ಳಿಗೆ ಹೊಂಟೈತಿ.

ಹಸೀನಾ