ಅಪ್ಪನ ಬೆಸುಗೆ

ಬುಧವಾರ, ಸಂಜೆ

ಪ್ರೀತಿಯ ಅಮ್ಮಾ,

ನಾನು ಪಾಸಾದೆ. ಎತ್ತರದ ಜಾಗಗಳ ರಕ್ಷಣಾ ಕಂಬಿ, ಏಣಿ, ಬೆಲ್ಟು ಸಿಕ್ಕಿಸುವ ಕೊಂಡಿ ಎಲ್ಲವನ್ನೂ ಬೆಸೆಯಲು ಇನ್ನು ನನಗೆ ಪರವಾನಗಿ ಇದೆ. ಈ ಸುದ್ದಿಯನ್ನು ಕುಣಿದಾಡುತ್ತಾ ಬರೆಯಬೇಕಿತ್ತು. ಆದರೆ ಆಗುತ್ತಿಲ್ಲ. ಅಪ್ಪ ಫೇಲಾದರು.

ನೀನು ನಗುತ್ತೀ, ಗೊತ್ತು. ಹೊಸ ನಿಯಮದಂತೆ ಹಳಬರೂ ಪರೀಕ್ಷೆ ಕೊಡಬೇಕು ಅಂದಾಗ ಇಡೀ ವರ್ಕ್‌ಶಾಪೇ ನಕ್ಕಿತ್ತು. ನನಗೆ ವೆಲ್ಡಿಂಗ್ ಕಲಿಸಿದವರೇ ಅವರು!

ಇಬ್ಬರೂ ಅಕ್ಕಪಕ್ಕ ನಿಂತು ಉಕ್ಕಿನ ಪಟ್ಟಿಗಳನ್ನು ಬೆಸೆದೆವು. ಇನ್ಸ್‌ಪೆಕ್ಟರಮ್ಮ ಅವನ್ನು ಪ್ರೆಸ್ಸಿಗಿಟ್ಟು ಬಗ್ಗಿಸಿದರು. ನನ್ನದು ಲಾಳದ ಹಾಗೆ ಬಾಗಿತು, ಒಂದು ಬಿರುಕೂ ಏಳಲಿಲ್ಲ. ಅಪ್ಪನದು ಅರ್ಧಕ್ಕೇ ಟಕ್ಕೆಂದು ಎರಡು ತುಂಡಾಯಿತು. ಮೇಲೆ ನೋಡಲು ಎಷ್ಟು ಚಂದದ ಬೆಸುಗೆ! ಒಳಗೆ ಉಕ್ಕಿಗೆ ಉಕ್ಕು ಕೂಡಿಯೇ ಇರಲಿಲ್ಲ.

ನನ್ನ ಬಾಯಿ ತಾನಾಗಿ ಸುಳ್ಳಾಡಿತಮ್ಮಾ. "ಮೇಡಂ, ಅದಲುಬದಲಾಗಿದೆ. ಮುರಿದಿದ್ದು ನಂದು" ಅಂದೆ.

"ಸುಮ್ನಿರೇ" ಅಂದರು ಅಪ್ಪ. "ಅದು ನಂದೇ."

ಹಾಗೆಂದವರೇ ಓಡಿದರು. ಮಂಡಿನೋವಿನ ಆ ಮನುಷ್ಯ ಓಡಿದ್ದನ್ನು ನಾನು ಕಂಡೇ ಇರಲಿಲ್ಲ. ಕ್ರೇನಿನ ಪಕ್ಕದ ಎತ್ತರದ ಓಡಾಟದ ಹಲಗೆಯ ಕೆಳಗೆ ನಿಂತು ಕೂಗಿದರು: "ಎಲ್ಲಾ ಕೆಳಗಿಳೀರಿ! ಕಂಬಿ ಮುಟ್ಬೇಡಿ, ಗೋಡೆ ಹಿಡ್ಕೊಂಡು ಬನ್ನಿ! ಅದು ನಾನ್ ಹಾಕಿದ್ದು!"

ಮೇಲಿದ್ದವರು ತಮಾಷೆ ಅಂದುಕೊಂಡರು. ಪೇಂಟರ್ ಕಂಬಿಗೆ ಒರಗಿಕೊಂಡೇ, "ಏನ್ ಮೇಸ್ತ್ರಿ, ಪರೀಕ್ಷೆ ಜ್ವರಾನಾ?" ಎಂದ. ಅಪ್ಪ ಅವನಿಗೆ ಕೈಮುಗಿದರು. ಅಷ್ಟು ಜನರೆದುರು, ಅಮ್ಮಾ. ಅವನ ನಗು ಅಲ್ಲಿಗೇ ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಆಮೇಲೆ ಇನ್ಸ್‌ಪೆಕ್ಟರಮ್ಮ ಬೆಲ್ಟು ಬಿಗಿದುಕೊಂಡು ಹತ್ತಿ, ಪೇಂಟರ್ ಒರಗಿದ್ದ ಜಾಗದಲ್ಲಿ ಒಮ್ಮೆ ಜಗ್ಗಿದರು. ಕಂಬಿ ಕಿತ್ತು ಅವರ ಕೈಗೇ ಬಂತು. ಪೇಂಟರ್ ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡ.

ಮಧ್ಯಾಹ್ನ ಕಣ್ಣಿನ ಡಾಕ್ಟರಿಗೆ ತೋರಿಸಿದೆವು; ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಲೋಹ ಕರಗುವುದು ಕಾಣದೆ, ಬರೀ ಕೈಯ ಅಭ್ಯಾಸದ ಮೇಲೆ ಬೆಸೆಯುತ್ತಿದ್ದರಂತೆ. "ಮುಖವಾಡದ ಗಾಜಿಗೆ ಹೊಗೆ ಹಿಡ್ದಿದೆ ಅಂದ್ಕೊಂಡೆ ಕಣೇ. ಎಷ್ಟು ಸಲ ಗಾಜು ಬದಲಾಯಿಸ್ದೆ ಗೊತ್ತಾ?" ಅಂದರು. ದಿನವೂ ಪಕ್ಕದಲ್ಲೇ ಇರುವ ನನಗೆ ಅದು ಹೊಳೆಯಲೇ ಇಲ್ಲವಲ್ಲ!

ತಮ್ಮ ಬೆಸುಗೆಗಳಿಗೆಲ್ಲ ಅಪ್ಪ ತಾವೇ ತಡವರಿಸುತ್ತಾ ಸೀಮೆಸುಣ್ಣದ ಗುರುತು ಹಾಕಿದ್ದಾರೆ. ನಾಳೆಯಿಂದ ಅವನ್ನು ಕತ್ತರಿಸಿ, ಹೊಸದಾಗಿ ಬೆಸೆಯುವ ಕೆಲಸ ನನ್ನದು. ಕಣ್ಣಿನ ಆಪರೇಷನ್ ಸೋಮವಾರ. ನೀನು ಗಾಬರಿಯಾಗಬೇಡ, ನಾನಿದ್ದೇನೆ.

ನಿನ್ನ,
ಮೊಂಡಿ

ತಾ.ಕ.: ಇವತ್ತು ಚಿಕ್ಕಪ್ಪ ಬಂದು ನಮ್ಮ ಬಾಲ್ಕನಿ ಬಾಗಿಲಿಗೆ ಮೊಳೆ ಹೊಡೆದದ್ದು ಗೋಡೆಯ ರಿಪೇರಿಗಲ್ಲ. ಅಲ್ಲಿಯ ಕಂಬಿ ಅಪ್ಪ ಹೋದ ರಜೆಯಲ್ಲಿ ಹಾಕಿದ್ದು. ಕೊನೆಯವನು ಕೆಳಗಿಳಿಯುತ್ತಲೇ ಅಪ್ಪ ನನ್ನ ಫೋನ್ ಕಸಿದುಕೊಂಡು ಚಿಕ್ಕಪ್ಪನಿಗೆ ಕರೆ ಮಾಡಿದರು. ನೀನು ದಿನವೂ ಅದಕ್ಕೆ ಒರಗಿ ಎದುರುಮನೆಯವರ ಜೊತೆ ಹರಟುತ್ತೀಯಲ್ಲ. "ಅತ್ತಿಗೆ ಅಡುಗೆಮನೇಲಿದಾರೆ" ಎಂದು ಚಿಕ್ಕಪ್ಪ ಹೇಳುವವರೆಗೂ ಅಪ್ಪ ಉಸಿರು ಬಿಡಲಿಲ್ಲ.