ಮರಿಯಿಲ್ಲದೆ ಲಕ್ಷವಾದ ಹಕ್ಕಿ

ಹಕ್ಕಿಗಳ ವರ್ಗೀಕರಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಮ್ಮ ಕಡಲ ದಂಡೆಯ ಮರಳು ಗೊರವ ಇನ್ನು ಅಳಿವಿನಂಚಿನ ಹಕ್ಕಿಯಲ್ಲವೆಂದು ತಾವು ತೀರ್ಮಾನಿಸಿದ್ದೀರಿ. ಅದು ಪ್ರತ್ಯೇಕ ಪ್ರಭೇದವೇ ಅಲ್ಲವಂತೆ, ಎಲ್ಲೆಡೆ ಕಾಣುವ ದೊಡ್ಡ ಗೊರವದ್ದೇ ಒಂದು ಬಗೆಯಂತೆ. ಎರಡನ್ನೂ ಕೂಡಿಸಿಬಿಟ್ಟಿರಿ. ನಿನ್ನೆ ಬೆರಳೆಣಿಕೆಯಷ್ಟಿದ್ದದ್ದು ಇಂದು ಲಕ್ಷಗಟ್ಟಲೆ! ಒಂದು ಮರಿಯೂ ಹುಟ್ಟದೆ ಸಂತತಿ ಹೀಗೆ ಬೆಳೆದದ್ದನ್ನು ನಾನು ಕಂಡದ್ದು ಇದೇ ಮೊದಲು.

ನಿನಗೇನು ಗೊತ್ತು ಶಾಸ್ತ್ರ ಎನ್ನುವಿರಿ. ನಿಜ, ದಂಡೆಯಲ್ಲಿ ಕೊಡೆ, ಕುರ್ಚಿ ಬಾಡಿಗೆಗೆ ಕೊಡುವವಳು ನಾನು. ಆದರೆ ದೊಡ್ಡ ಗೊರವ ಇಲ್ಲಿಗೆ ಬಂದು ತಿಂದು ಹೋಗುವ ನೆಂಟ. ಬರಿಯ ಮರಳಿನ ಮೇಲೆ ಸಂಸಾರ ಹೂಡುವುದು ನಮ್ಮ ಮರಳು ಗೊರವ ಒಂದೇ. ಮನೆಮಂದಿಯೇ ಹೋದ ಮೇಲೆ ನೆಂಟರು ಎಷ್ಟಿದ್ದರೇನು?

ತಮ್ಮ ತೀರ್ಮಾನ ಬಂದ ವಾರವೇ ಅದು ಮೊಟ್ಟೆಯಿಡುವ ಜಾಗಕ್ಕೆ ಹಾಕಿದ್ದ ಬೇಲಿ ಕಿತ್ತರು. ಕಾಲುದಾರಿ ಮಾಡಲು ರೋಲರ್ ಬಂತು. ಓಡಿಸುತ್ತಿದ್ದವನು ನನ್ನ ತಂಗಿಯ ಗಂಡ. ಎದುರಿಗೇ ಮರಳಿನ ಗುಳಿಯಲ್ಲಿ ಮೊಟ್ಟೆಗಳಿದ್ದವು.

"ನಿಲ್ಸಪ್ಪಾ, ನಿನ್ ಕಾಲಿಗ್ ಬೀಳ್ತೀನಿ!" ಎಂದು ಕೂಗಿಕೊಂಡೆ.

"ಮೇಲಿನವ್ರಿಗೆ ಫೋನ್ ಮಾಡಿ ಕೇಳ್ದೆ ಅಕ್ಕಾ. ಅದು ಲಿಸ್ಟಲ್ಲಿಲ್ಲ, ಮುಂದೆ ಹೋಗು ಅಂದ್ರು. ನಿಲ್ಸಿದ್ರೆ ನಾಳೆಯಿಂದ ನಂಗೆ ಕೆಲ್ಸ ಇರಲ್ಲ."

ಅವನ ಮನೆಯಲ್ಲೂ ಎಳೆಮಕ್ಕಳಿದ್ದಾರೆ, ಅವನನ್ನು ಏನೆಂದು ಬಯ್ಯಲಿ?

ತಾಯಿಹಕ್ಕಿ ಎದ್ದು, ರೆಕ್ಕೆ ಮುರಿದಂತೆ ನಟಿಸುತ್ತ ರೋಲರಿನ ಮುಂದೆ ತೆವಳತೊಡಗಿತು. ನಾಯಿಗಳು ಈ ನಾಟಕ ನಂಬಿ ಅದರ ಬೆನ್ನು ಹತ್ತುತ್ತವೆ, ಮೊಟ್ಟೆಗಳು ಉಳಿಯುತ್ತವೆ. ರೋಲರ್ ಮೊಟ್ಟೆಗಳ ಮೇಲೆಯೇ ಹಾದು ಬಂತು. ಅದು ತನ್ನನ್ನೇ ಹಿಂಬಾಲಿಸುತ್ತಿದೆಯೆಂದು ನಂಬಿ ಹಕ್ಕಿ ಇನ್ನೂ ಮುಂದೆ ಮುಂದೆ ತೆವಳಿತು. ಆಮೇಲೆ ಹಾರಿಬಂದು, ಗುಳಿಯಿದ್ದ ಜಾಗದಲ್ಲಿ ಕಾವು ಕೊಡಲು ಕುಳಿತಿತು. ನನಗೆ ತಡೆಯಲಾಗಲಿಲ್ಲ, ಅಲ್ಲೇ ಕುಸಿದು ಅತ್ತೆ.

"ಬೇರೆ ಕಡೆ ಬೇಕಾದಷ್ಟಿವೆಯಲ್ಲಮ್ಮಾ" ಎಂದು ತಮ್ಮ ಕಚೇರಿಯವರು ಸಮಾಧಾನ ಹೇಳಿದರು. ಸ್ವಾಮಿ, ನನ್ನ ಅಮ್ಮ ತೀರಿಕೊಂಡ ದಿನವೂ ಲೋಕದಲ್ಲಿ ಅಮ್ಮಂದಿರಿಗೇನು ಬರವಿರಲಿಲ್ಲ. ಅವತ್ತು ಯಾರೂ ನನಗೆ ಈ ಲೆಕ್ಕ ಹೇಳುವ ಧೈರ್ಯ ಮಾಡಲಿಲ್ಲ.

ಆ ಹಕ್ಕಿಯನ್ನು ಮತ್ತೆ ಪ್ರತ್ಯೇಕ ಪ್ರಭೇದವೆಂದು ಒಪ್ಪಿ, ಅಳಿವಿನಂಚಿನವುಗಳ ಜೊತೆ ಸೇರಿಸಿ. ಬೇಲಿ ಹಾಕಿಸಿ. ದಾರಿಯ ಅಂಚಿನಲ್ಲೇ ಅದು ಹೊಸ ಗುಳಿ ಮಾಡಿಕೊಂಡಿದೆ, ನಿನ್ನೆ ಒಂದು ಮೊಟ್ಟೆ ಇಟ್ಟಿದೆ. ತಮ್ಮ ಮುಂದಿನ ಸಭೆ ಬರುವ ವರ್ಷವಂತೆ. ದಾರಿ ಅಗಲ ಮಾಡಲು ರೋಲರ್ ಮತ್ತೆ ಬರುವುದು ಸೋಮವಾರ.

ಇಂತಿ,
ಆ ಸೋಮವಾರ ತಂಗಿಯ ಗಂಡನಿಗೇ ಅಡ್ಡ ನಿಲ್ಲಬೇಕಾಗಿರುವವಳು