ಹದಿಮೂರರ ಹೆಬ್ಬೆರಳು

ಗಜೇಂದ್ರಗಡ, ಫೆಬ್ರವರಿ 30, 2219

ಇನ್ನೂರು ವರ್ಷಗಳ ಹಿಂದಿನ ಚಿತ್ರಕಲಾ ಶಿಕ್ಷಕರಿಗೆ ಶಿವಲೀಲಾ ಹೂಗಾರಳ ನಮಸ್ಕಾರಗಳು.

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಇನ್ನೂ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಇಲ್ಲಿನ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿ. ನಮ್ಮ ಮಕ್ಕಳ ಮೇಜಿನ ಮೇಲೆ ‘ನುಡಿಹಲಗೆ’ ಇರುತ್ತದೆ. ಬಾಯಲ್ಲಿ ಹೇಳಿದ್ದು ಅದರಲ್ಲಿ ಚಿತ್ರವಾಗಿ ಮೂಡುತ್ತದೆ. ಆದರೂ ಆರು ವರ್ಷದ ಮಗು ಗೋಡೆ, ನೆಲ, ರೊಟ್ಟಿಯ ಹಿಟ್ಟು ಎಲ್ಲದರ ಮೇಲೂ ಬೆರಳಿಂದ ಗೀಚುತ್ತದೆ. ಹನ್ನೆರಡು ದಾಟಿತೋ, ಕೈ ನಿಲ್ಲುತ್ತದೆ. ಆ ವಯಸ್ಸಿನಲ್ಲಿ ಕಣ್ಣು ಕೈಗಿಂತ ಮೊದಲು ಬಲಿಯುತ್ತದೆ. ತಪ್ಪು ಕಾಣುತ್ತದೆ, ತಿದ್ದಲು ಬರುವುದಿಲ್ಲ. ‘ಹೇಗೂ ಬಿಟ್ಟುಬಿಡುತ್ತಾರಲ್ಲ’ ಎಂದು ಪಾಠಮಂಡಳಿಯವರು, ಅಂದರೆ ಶಾಲೆಯಲ್ಲಿ ಏನು ಕಲಿಸಬೇಕೆಂದು ನಿರ್ಧರಿಸುವವರು, ಹೋದ ವರ್ಷ ನನ್ನ ತರಗತಿಯನ್ನೇ ಮುಚ್ಚಲು ಹೊರಟರು. ಬಿಡುವುದಿಲ್ಲವೆಂದು ತೋರಿಸುತ್ತೇನೆ ಎಂದು ಹಟ ಹಿಡಿದು ಒಂದು ವರ್ಷದ ಗಡುವು ಪಡೆದೆ.

ಅದೇ ವಾರ ಎಂಟನೆಯ ತರಗತಿಯ ಮಾಬುಬಿ ನದಾಫ, ತಾನೇ ಬಿಡಿಸಿದ ಅಜ್ಜಿಯ ಚಿತ್ರವನ್ನು ಹರಿದು ಹಾಕಿದಳು.

“ಕೈ ನೋಡ್ರಿ ಟೀಚರ್, ಬದನಿಕಾಯಿ ಆಗೇತಿ. ನನಗ ಬರಂಗಿಲ್ಲ.”

“ಬದನಿಕಾಯಿ ಅಂತ ನಿನಗ ಗೊತ್ತಾತಲ್ಲ? ಹೋದ ವರ್ಷ ಗೊತ್ತಾಗ್ತಿದ್ದಿಲ್ಲ. ನಾಳೆ ಬರೇ ಕೈಯೊಂದರ ಚಿತ್ರ ತಗಿ.”

ನಾಲ್ಕು ದಿನ ಅವಳು ತರಗತಿಗೇ ಬರಲಿಲ್ಲ. ಮನೆ ಹುಡುಕಿಕೊಂಡು ಹೋದೆ. ಗಾದಿ ಹೊಲಿಯುತ್ತಿದ್ದ ಅಜ್ಜಿ ಸೂಜಿ ಬದಿಗಿಟ್ಟು, ಕೈ ಚಾಚಿ ಕುಳಿತರು. “ತಗಿಯವ್ವಾ, ನನ್ನ ಕೈಯೇನು ಓಡಿ ಹೋಗಂಗಿಲ್ಲ” ಎಂದರು. ಮಾಬುಬಿ ಮುಖ ಗಂಟಿಕ್ಕಿಕೊಂಡೇ ಪೆನ್ಸಿಲ್ ಹಿಡಿದಳು.

ದಿನಕ್ಕೊಂದು ಕೈ. ಮೊದಮೊದಲು ತನಗೆ ಗೊತ್ತಿದ್ದ ಐದು ಬೆರಳನ್ನೇ ಬರೆಯುತ್ತಿದ್ದಳು, ಕಂಡದ್ದನ್ನಲ್ಲ. ನಾಲ್ಕನೆಯ ತಿಂಗಳು ಒಮ್ಮೆ ತರಗತಿಯಲ್ಲೇ ಕೂಗಿದಳು: “ಮಡಚಿದ ಬೆರಳು ಗಿಡ್ಡ ಕಾಣ್ತೇತ್ರಿ!” ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳನ್ನು ನೋಡಿ ಉಳಿದವರೂ ತಮ್ಮ ಎಡಗೈಯನ್ನು ಮೇಜಿನ ಮೇಲಿಟ್ಟು ಬರೆಯತೊಡಗಿದರು.

ವರ್ಷದ ಕೊನೆಗೆ ಮಂಡಳಿಯ ಅಧಿಕಾರಿ ಬಂದರು. ಕೈಚಿತ್ರಗಳ ಕಟ್ಟನ್ನು ನೋಡಿ, “ಇವನ್ನ ಹಲಗಿ ತಗದಿಲ್ಲ ಅಂತ ಹೆಂಗ್ ನಂಬೂದು?” ಎಂದರು.

ಮಾಬುಬಿ ಎದ್ದು ಅವರೆದುರು ಕುಳಿತಳು. “ನಿಮ್ಮ ಕೈ ಇಡ್ರಿ ಸರ್.”

ಅರ್ಧ ಚಿತ್ರ ಆಗುವಷ್ಟರಲ್ಲಿ ಹೆಬ್ಬೆರಳು ಕೆಟ್ಟಿತು. ಅವಳು ಹಾಳೆ ಹರಿಯಲಿಲ್ಲ. “ಹೆಬ್ಬಟ್ಟು ತಪ್ಪೇತಿ, ಕೈ ಅಲುಗಸಬ್ಯಾಡ್ರಿ” ಎಂದು ಅಷ್ಟು ದೊಡ್ಡ ಅಧಿಕಾರಿಗೇ ತಾಕೀತು ಮಾಡಿ, ಅಳಿಸಿ, ಮತ್ತೊಮ್ಮೆ ದಿಟ್ಟಿಸಿ ನೋಡಿ ತಿದ್ದಿದಳು. ಸುಂದರ ಚಿತ್ರವೇನಲ್ಲ. ಆದರೆ ಅದು ಅವರದೇ ಕೈಯಾಗಿತ್ತು. ಅವರು ತಮ್ಮ ಕೈಯನ್ನು ಹಾಳೆಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರು. ಕೊಟ್ಟದ್ದು ಮತ್ತೊಂದೇ ವರ್ಷ. ಸಾಕು, ಮುಂದಿನದಕ್ಕೂ ಕಾದಾಡುತ್ತೇನೆ.

ಈ ಕಾದಾಟಕ್ಕೆ ನಿಮ್ಮ ನೆರವು ಬೇಕು. ನಮ್ಮ ಸಂಗ್ರಹಾಲಯದಲ್ಲಿ ನಿಮ್ಮ ಕಾಲದ ಪುಟ್ಟ ಮಕ್ಕಳ ಸೂರ್ಯ, ಮನೆ, ಬೆಟ್ಟಗಳಿವೆ. ದೊಡ್ಡ ಕಲಾವಿದರ ಚಿತ್ರಗಳೂ ಇವೆ. ನಡುವೆ ಏನೂ ಇಲ್ಲ. ಹದಿಮೂರು, ಹದಿನಾಲ್ಕು, ಹದಿನೈದರ ಕಪಾಟು ಖಾಲಿ. “ಎಲ್ಲರದೂ ಹಿಂಗ ಕೆಡ್ತಿತ್ತೇನ್ರಿ?” ಎಂದು ನನ್ನ ಮಕ್ಕಳು ಕೇಳಿದರೆ ತೋರಿಸಲು ಒಂದು ಹಾಳೆಯೂ ಇಲ್ಲ.

ಆದ್ದರಿಂದ ಇಂದೇ ನಿಮ್ಮ ತರಗತಿಯ ಕಸದ ಬುಟ್ಟಿಗೆ ಕೈ ಹಾಕಿ. ಮುದುಡಿದ ಹಾಳೆಗಳನ್ನು ಬಿಡಿಸಿ, ಹೆಸರು, ವಯಸ್ಸು ಬರೆದು ಎತ್ತಿಡಿ. ನಾವು ಕಾಯುತ್ತಿದ್ದೇವೆ.